ನಡೆಯದ ಚರಿತ್ರೆಯ ನುಡಿ: ಕಲ್ಪಿತ ಭಾಷೆಯ ರಚನೆಯೂ ಭಾಷಾಬೋಧನೆಯೂ

ಭಾಷೆಯೆಂಬುದು ಕೇವಲ ವಿಚಾರ ವಿನಿಮಯದ ಸಾಧನವಲ್ಲ. ಅದನ್ನಾಡುವ ಜನಸಮುದಾಯದ ಚರಿತ್ರೆಯೆಲ್ಲ ಪದರುಪದರಾಗಿ ಅದರಲ್ಲಿ ನಿಕ್ಷಿಪ್ತವಾಗಿರುತ್ತದೆ. ಕನ್ನಡಿಗರ ಮನೆಯಲ್ಲಿ ನಿತ್ಯವೂ ಬಳಕೆಯಾಗುವ ‘ಮೇಜು’, ‘ಸಾಬೂನು’, ‘ಬಟಾಟೆ’ ಎಂಬ ಮಾತುಗಳು ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರನ್ನು ನೆನಪಿಸುತ್ತವೆ. ‘ರೈತ’, ‘ಜಿಲ್ಲೆ’, ‘ತಾಲ್ಲೂಕು’, ‘ಅರ್ಜಿ’, ‘ವಕೀಲ’ ಎಂಬ ಮಾತುಗಳು ಸುಲ್ತಾನರ ಹಾಗೂ ಮೊಗಲರ ಕಾಲದ ಆಡಳಿತವನ್ನು ನೆನಪಿಸುತ್ತವೆ. ಹಿಂದೆ ಹಳ್ಳಿಯ ಶಾಲೆಗೆ ‘ಕೂಲಿಮಠ’ ಎಂಬ ಹೆಸರಿದ್ದುದು, ಮಠವೂ ವಿದ್ಯೆಯೂ ಈ ನಾಡಿನಲ್ಲಿ ಒಂದನ್ನೊಂದು ಬಿಟ್ಟಿರಲಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ನಿಂತಿದೆ. ಶಾಸನಗಳು ಮಣ್ಣಿನಲ್ಲಿ ಹೂತುಹೋದರೂ ಜನರ ನಾಲಗೆಯ ಮೇಲಿನ ಶಾಸನ ಅಳಿಯುವುದಿಲ್ಲ.

ಹಾಗಾದರೆ ಚರಿತ್ರೆಯ ದಾರಿ ಬೇರೆಯಾಗಿದ್ದಲ್ಲಿ ನುಡಿಯ ರೂಪವೂ ಬೇರೆಯಾಗಿರುತ್ತಿತ್ತಷ್ಟೆ? ಒಂದು ಯುದ್ಧದಲ್ಲಿ ಸೋತವರು ಗೆದ್ದಿದ್ದರೆ, ಒಂದು ಸಾಮ್ರಾಜ್ಯ ಇನ್ನೂ ಮುನ್ನೂರು ವರ್ಷ ಬಾಳಿದ್ದರೆ, ಇಂದಿನ ಮಕ್ಕಳು ಯಾವ ಮಾತನ್ನಾಡುತ್ತಿದ್ದರು? ಮೇಲ್ನೋಟಕ್ಕೆ ಇದು ಬಿಡುವಿನ ವೇಳೆಯ ವಿನೋದದಂತೆ ತೋರುತ್ತದೆ. ಆದರೆ ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಕೈಗೆತ್ತಿಕೊಂಡು, ನಡೆಯದ ಚರಿತ್ರೆಯೊಂದಕ್ಕೆ ತಕ್ಕ ಭಾಷೆಯನ್ನು ವ್ಯಾಕರಣ, ನಿಘಂಟುಗಳ ಸಮೇತ ರಚಿಸಿದವರಿದ್ದಾರೆ. ಅವರ ಕಾರ್ಯವಿಧಾನವನ್ನು ಪರಿಶೀಲಿಸುವುದರಿಂದ ಭಾಷೆಯನ್ನು ಕಲಿಸುವವರಿಗೆ ಆಗಬಹುದಾದ ಪ್ರಯೋಜನವನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಕಲ್ಪಿತ ಭಾಷೆಗಳ ಪರಂಪರೆ

ಮನುಷ್ಯನು ಬುದ್ಧಿಪೂರ್ವಕವಾಗಿ ಭಾಷೆಯನ್ನು ರಚಿಸುವ ಪ್ರಯತ್ನ ಹೊಸದಲ್ಲ. ಜರ್ಮನಿಯ ಬಿಂಗೆನ್ ಬಳಿಯ ಸಂನ್ಯಾಸಿನಿಯರ ಮಠವೊಂದರ ಅಧಿಪತಿಯಾಗಿದ್ದ ಹಿಲ್ಡೆಗಾರ್ಡ್ (೧೦೯೮–೧೧೭೯) ‘ಲಿಂಗ್ವಾ ಇಗ್ನೋಟಾ’ ಅಂದರೆ ‘ಅಜ್ಞಾತ ಭಾಷೆ’ ಎಂಬ ಹೆಸರಿನಲ್ಲಿ ಸುಮಾರು ೧೦೦೦ ಪದಗಳ ಕೋಶವನ್ನು ರಚಿಸಿದಳು. ದೇವರು, ದೇವದೂತರಿಂದ ಮೊದಲಾಗಿ ಮನುಷ್ಯರು, ಅಂಗಾಂಗಗಳು, ಗಿಡಮರಗಳು, ಪಕ್ಷಿಗಳವರೆಗೆ ಆ ಪದಪಟ್ಟಿ ಇಳಿಯುತ್ತದೆ. ಅದಕ್ಕಾಗಿ ೨೩ ಅಕ್ಷರಗಳ ಲಿಪಿಯನ್ನೂ ಆಕೆ ಕಲ್ಪಿಸಿದಳು. ಅದೇ ೧೨ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಹಿಡಿದ ದಾರಿ ಇದಕ್ಕೆ ತೀರ ಭಿನ್ನವಾದುದೆಂಬುದು ಗಮನಾರ್ಹ. ಅನುಭಾವವನ್ನು ಹೇಳಲು ಅವರು ಹೊಸ ಭಾಷೆಯನ್ನು ಹುಟ್ಟಿಸಲಿಲ್ಲ. ಬಯಲು, ಅರಿವು, ಕುರುಹು, ಕಾಯಕ ಎಂಬ ಆಡುನುಡಿಯ ಮಾತುಗಳಿಗೇ ಹೊಸ ಅರ್ಥವನ್ನು ತುಂಬಿದರು. ಒಬ್ಬಳು ಯಾರೂ ಅರಿಯದ ನುಡಿಯನ್ನು ಕಟ್ಟಿದಳು. ಇವರು ಎಲ್ಲರೂ ಅರಿತ ನುಡಿಯನ್ನು ಎತ್ತರಿಸಿದರು. ಭಾಷೆಯ ವಿಷಯದಲ್ಲಿ ಮನುಷ್ಯನಿಗೆ ಆಯ್ಕೆಯ ಸ್ವಾತಂತ್ರ್ಯವಿದೆಯೆಂಬುದಕ್ಕೆ ಎರಡೂ ನಿದರ್ಶನಗಳೇ.

ಮುಂದೆ ೧೬೬೮ರಲ್ಲಿ ಇಂಗ್ಲೆಂಡಿನ ಜಾನ್ ವಿಲ್ಕಿನ್ಸ್ ಜಗತ್ತಿನ ಸಮಸ್ತ ವಸ್ತುಗಳನ್ನೂ ವರ್ಗೀಕರಿಸಿ, ಆ ವರ್ಗೀಕರಣವೇ ಪದರೂಪದಲ್ಲಿ ಕಾಣುವಂತಹ ‘ತಾತ್ತ್ವಿಕ ಭಾಷೆ’ಯನ್ನು ಸೂಚಿಸಿದನು. ೧೯ನೆಯ ಶತಮಾನದಲ್ಲಿ ದೃಷ್ಟಿ ಲೋಕವ್ಯವಹಾರದತ್ತ ಹೊರಳಿತು. ಶ್ಲೈಯರ್ ಎಂಬ ಜರ್ಮನ್ ಪಾದ್ರಿಯ ‘ವೊಲಪ್ಯುಕ್’ ಆ ಶತಮಾನದ ೮೦ರ ದಶಕದಲ್ಲಿ ಬಹು ಬೇಗ ಹರಡಿ ಅಷ್ಟೇ ಬೇಗ ಇಳಿಮುಖವಾಯಿತು. ೧೮೮೭ರಲ್ಲಿ ಡಾ. ಜಾಮೆನ್‌ಹಾಫ್ ವಾರ್ಸಾ ನಗರದಲ್ಲಿ ಪ್ರಕಟಿಸಿದ ‘ಎಸ್ಪೆರಾಂಟೋ’ ಇಂದಿಗೂ ಬಳಕೆಯಲ್ಲಿದೆ. ೨೦ನೆಯ ಶತಮಾನದಲ್ಲಿ ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಜೆ. ಆರ್. ಆರ್. ಟೋಲ್ಕಿನ್ನರು ಫಿನ್ನಿಷ್ ಮತ್ತು ವೆಲ್ಷ್ ಭಾಷೆಗಳ ಧ್ವನಿಮಾಧುರ್ಯಕ್ಕೆ ಮನಸೋತು ‘ಕ್ವೆನ್ಯಾ’, ‘ಸಿಂಡಾರಿನ್’ ಎಂಬ ನುಡಿಗಳನ್ನು ಕಟ್ಟಿದರು. ತಮ್ಮ ಕಥೆಗಳು ಹುಟ್ಟಿದ್ದೇ ಆ ನುಡಿಗಳಿಗೊಂದು ಲೋಕ ಬೇಕೆಂಬ ಕಾರಣದಿಂದ ಎಂಬುದು ಅವರ ಅಭಿಪ್ರಾಯವಾಗಿತ್ತು.

ವಿಲ್ಕಿನ್ಸನ ಭಾಷೆಗೆ ತರ್ಕವೇ ಪ್ರಮಾಣ. ಎಸ್ಪೆರಾಂಟೋಗೆ ಸೌಲಭ್ಯವೇ ಪ್ರಮಾಣ. ಟೋಲ್ಕಿನ್ನರ ನುಡಿಗಳಿಗೆ ಸೌಂದರ್ಯವೇ ಪ್ರಮಾಣ. ಪರ್ಯಾಯ ಚರಿತ್ರೆಯ ಭಾಷೆಗಾದರೋ ಸಂಭಾವ್ಯತೆಯೇ ಪ್ರಮಾಣ. ‘ಇದು ಚೆನ್ನಾಗಿದೆಯೆ?’ ಎಂಬುದಕ್ಕಿಂತ ‘ಇದು ಹೀಗೆ ಆಗಬಹುದಿತ್ತೆ?’ ಎಂಬ ಪ್ರಶ್ನೆಗೆ ಅದು ಉತ್ತರ ಹೇಳಬೇಕಾಗುತ್ತದೆ. ಆದಕಾರಣ ಈ ಕೆಲಸ ಮಿಕ್ಕೆಲ್ಲಕ್ಕಿಂತ ಹೆಚ್ಚಿನ ಶಿಸ್ತನ್ನು ಬೇಡುತ್ತದೆ.

ಬ್ರಿಥೆನಿಗ್

ಈ ಪ್ರಕಾರದ ಭಾಷೆಗಳಲ್ಲಿ ಪ್ರಸಿದ್ಧವಾದುದು ‘ಬ್ರಿಥೆನಿಗ್’. ನ್ಯೂಜಿಲೆಂಡಿನ ಆಂಡ್ರ್ಯೂ ಸ್ಮಿತ್ ಎಂಬುವರು ೧೯೯೬ರಲ್ಲಿ ಇದನ್ನು ರೂಪಿಸಿದರು. ಇದರ ಹಿನ್ನೆಲೆಯನ್ನು ತಿಳಿಯಬೇಕಾದರೆ ಬ್ರಿಟನ್ನಿನ ನಿಜವಾದ ಚರಿತ್ರೆಯನ್ನು ಸ್ವಲ್ಪ ನೆನೆಯಬೇಕು.

ಕ್ರಿ. ಶ. ೪೩ರಲ್ಲಿ ರೋಮನರು ಬ್ರಿಟನ್ನಿನ ಮೇಲೆ ದಂಡೆತ್ತಿ ಬಂದರು. ಸುಮಾರು ೪೧೦ರ ಹೊತ್ತಿಗೆ ಅವರ ಆಳ್ವಿಕೆ ಕೊನೆಗೊಂಡಿತು. ಇಷ್ಟು ದೀರ್ಘಕಾಲ ಆಳಿದರೂ ಅವರ ಲ್ಯಾಟಿನ್ ಅಲ್ಲಿ ಜನರ ಮನೆಮಾತಾಗಿ ಬೇರೂರಲಿಲ್ಲ. ಪಕ್ಕದ ಗಾಲ್ ದೇಶದಲ್ಲಿ ಹಾಗಾಗಲಿಲ್ಲ. ಅಲ್ಲಿ ಲ್ಯಾಟಿನ್ನು ಸ್ಥಳೀಯ ಕೆಲ್ಟಿಕ್ ನುಡಿಯನ್ನು ನುಂಗಿ ಕಾಲಾಂತರದಲ್ಲಿ ಫ್ರೆಂಚ್ ಭಾಷೆಯಾಗಿ ಮಾರ್ಪಟ್ಟಿತು. ಬ್ರಿಟನ್ನಿನಲ್ಲಿ ಕೆಲ್ಟಿಕ್ ನುಡಿ ಉಳಿದುಕೊಂಡು ಪಶ್ಚಿಮದಲ್ಲಿ ವೆಲ್ಷ್ ಆಯಿತು; ಪೂರ್ವದಲ್ಲಿ ಹೊಸದಾಗಿ ಬಂದು ನೆಲೆಸಿದ ಜರ್ಮಾನಿಕ್ ಬಣಗಳ ಮಾತು ಇಂಗ್ಲಿಷ್ ಆಯಿತು. ಗಾಲಿನಲ್ಲಿ ಆದುದು ಬ್ರಿಟನ್ನಿನಲ್ಲಿಯೂ ಆಗಿದ್ದರೆ, ಎಂದರೆ ಲ್ಯಾಟಿನ್ನು ಅಲ್ಲಿಯೂ ಜನರ ನುಡಿಯಾಗಿ ನೆಲೆಗೊಂಡಿದ್ದರೆ, ವೇಲ್ಸಿನ ಬೆಟ್ಟಗಾಡಿನ ಜನ ಇಂದು ಏನನ್ನು ಮಾತನಾಡುತ್ತಿದ್ದರು? ಬ್ರಿಥೆನಿಗ್ ಈ ಪ್ರಶ್ನೆಗೆ ಕೊಟ್ಟ ಉತ್ತರ. ಶಬ್ದಮೂಲ ಲ್ಯಾಟಿನ್ನಿನದು, ಆ ಶಬ್ದಗಳು ಹಾದುಬಂದ ಧ್ವನಿನಿಯಮಗಳು ವೆಲ್ಷ್ ಭಾಷೆಯವು.

ಈ ಭಾಷೆಗೊಂದು ನಾಡನ್ನೂ ನೆರೆಹೊರೆಯನ್ನೂ ಕಲ್ಪಿಸುವ ಕೆಲಸ ೧೯೯೭ರಿಂದ ಆರಂಭವಾಗಿ, ಅನೇಕರ ಸಹಯೋಗದಿಂದ ‘ಇಲ್ ಬೆಥಿಸಾಡ್’ ಎಂಬ ಪರ್ಯಾಯ ಜಗತ್ತಾಗಿ ಬೆಳೆಯಿತು. ಈ ಹೆಸರಿನ ಹುಟ್ಟೇ ಒಂದು ಪಾಠ. ವೆಲ್ಷ್ ಭಾಷೆಯಲ್ಲಿ ವಿಶ್ವಕ್ಕೆ ಸಲ್ಲುವ ಪದ ಲ್ಯಾಟಿನ್ನಿನ ‘ಬ್ಯಾಪ್ಟಿಸಾಟುಮ್’ ಎಂಬುದರಿಂದ, ಎಂದರೆ ‘ದೀಕ್ಷಾಸ್ನಾನ ಪಡೆದದ್ದು’ ಎಂಬ ಮಾತಿನಿಂದ ಬಂದದ್ದು. ಕ್ರೈಸ್ತ ದೀಕ್ಷೆ ಹೊಂದಿದ ಲೋಕವೇ ಲೋಕವೆಂದು ತಿಳಿದಿದ್ದ ಒಂದು ಕಾಲದ ಮನೋಧರ್ಮ ಆ ಪದದಲ್ಲಿ ಅಡಗಿದೆ. ಅದೇ ಮೂಲದಿಂದ ಕಲ್ಪಿತ ಭಾಷೆಗೂ ಪದ ಸಿದ್ಧವಾಯಿತು. ಇದೇ ಜಗತ್ತಿನ ಮತ್ತೊಂದು ಮೂಲೆಗೆಂದು ಡಚ್ ಭಾಷಾಸಕ್ತ ಯಾನ್ ವಾನ್ ಸ್ಟೇನ್‌ಬರ್ಗನ್ ೨೦೦೨ರಲ್ಲಿ ‘ವೆನೆದಿಕ್’ ಎಂಬ ನುಡಿಯನ್ನು ರಚಿಸಿದರು. ಲ್ಯಾಟಿನ್ನು ಪೋಲೆಂಡಿನಲ್ಲಿ ಬೇರೂರಿ ಪೋಲಿಷ್ ಭಾಷೆಯ ಧ್ವನಿವ್ಯತ್ಯಾಸಗಳಿಗೆ ಒಳಗಾಗಿದ್ದರೆ ಏನಾಗುತ್ತಿತ್ತೆಂಬುದನ್ನು ಅದು ತೋರಿಸುತ್ತದೆ.

ರಚನೆಯ ಕ್ರಮ

ಇಂತಹ ಭಾಷೆಯ ರಚನೆಯಲ್ಲಿ ಸ್ಥೂಲವಾಗಿ ನಾಲ್ಕು ಘಟ್ಟಗಳನ್ನು ಗುರುತಿಸಬಹುದು.

ಮೊದಲನೆಯದು, ಚರಿತ್ರೆ ಕವಲೊಡೆಯುವ ಬಿಂದುವನ್ನು ನಿಶ್ಚಯಿಸುವುದು. ಯಾವ ಕಾಲದಲ್ಲಿ, ಯಾವ ನೆಲದಲ್ಲಿ, ಯಾವ ಜನರ ನಡುವೆ ಭಾಷೆ ತನ್ನ ದಾರಿಯನ್ನು ಬದಲಿಸಿತು ಎಂಬುದು ಖಚಿತವಾಗದೆ ಮುಂದಿನ ಹೆಜ್ಜೆಯಿಲ್ಲ. ಆ ಬಿಂದುವಿಗೆ ಹಿಂದಿನದೆಲ್ಲವೂ ನಿಜವಾದ ಚರಿತ್ರೆಯೇ ಆಗಿರಬೇಕು. ಅಲ್ಲಿ ಕಲ್ಪನೆಗೆ ಅವಕಾಶವಿಲ್ಲ.

ಎರಡನೆಯದು, ಧ್ವನಿನಿಯಮಗಳ ಅನ್ವಯ. ಲ್ಯಾಟಿನ್ನಿನಲ್ಲಿ ರಾತ್ರಿಗೆ ‘ನೊಕ್ತೆಮ್’, ಹಾಲಿಗೆ ‘ಲಕ್ತೆಮ್’. ಇವು ಇಟಾಲಿಯನ್ನಿನಲ್ಲಿ ‘ನೊತ್ತೆ’, ‘ಲತ್ತೆ’ ಎಂದೂ ಸ್ಪ್ಯಾನಿಷಿನಲ್ಲಿ ‘ನೋಚೆ’, ‘ಲೇಚೆ’ ಎಂದೂ ರುಮೇನಿಯನ್ನಿನಲ್ಲಿ ‘ನ್ವಾಪ್ತೆ’, ‘ಲಪ್ತೆ’ ಎಂದೂ ಆದುವು. ಮೂಲದ ‘ಕ್ತ’ ಎಂಬ ಒಂದೇ ಸಂಯುಕ್ತಾಕ್ಷರ ಒಂದೊಂದು ನಾಡಿನಲ್ಲಿ ಒಂದೊಂದು ವೇಷ ತಾಳಿತು. ಆದರೆ ಒಂದು ನಾಡಿನೊಳಗೆ ಎಲ್ಲ ಪದಗಳಲ್ಲಿಯೂ ಒಂದೇ ವೇಷ. ಸಂಸ್ಕೃತದ ‘ಭಕ್ತಿ’, ‘ರಕ್ತ’ಗಳು ಪ್ರಾಕೃತದಲ್ಲಿ ‘ಭತ್ತಿ’, ‘ರತ್ತ’ ಎಂದಾದುದನ್ನು ಬಲ್ಲವರಿಗೆ ಇಟಾಲಿಯನ್ನಿನ ದಾರಿ ಅಪರಿಚಿತವೆನಿಸದು. ವೆಲ್ಷ್ ಜನರು ರೋಮನರ ಕಾಲದಲ್ಲಿ ಲ್ಯಾಟಿನ್ನಿನಿಂದ ಹಲವು ನೂರು ಪದಗಳನ್ನು ನಿಜವಾಗಿಯೇ ಎರವಲು ಪಡೆದಿದ್ದಾರೆ. ಹಾಲಿಗೆ ಅವರ ಮಾತು ‘ಲಾಯ್ಥ್’; ಇದು ‘ಲಕ್ತೆಮ್’ ಎಂಬುದರ ತದ್ಭವ. ‘ವೀನುಮ್’ ಎಂಬ ದ್ರಾಕ್ಷಾರಸ ಅಲ್ಲಿ ‘ಗ್ವೀನ್’ ಆಯಿತು. ಇಂತಹ ಎರವಲುಗಳೇ ಬ್ರಿಥೆನಿಗ್ ರಚನೆಗೆ ಕೈದೀಪವಾದುವು. ಹಾಲು ‘ಲಾಯ್ಥ್’ ಆಗುವುದಾದರೆ ಅದೇ ನಿಯಮದಿಂದ ‘ನೊಕ್ತೆಮ್’ ಎಂಬುದು ‘ನೊಯ್ಥ್’ ಆಗಲೇಬೇಕು. ತಂದೆಯೆಂಬ ಅರ್ಥದ ‘ಪತ್ರೆಮ್’ ಎಂಬುದರಲ್ಲಿ ನಡುವಿನ ತಕಾರ ಮೆತ್ತಗಾಗಿ ‘ಪದ್ರ್’ ಆಯಿತು. ‘ಸ್ಕೋಲಾ’ ಎಂಬ ಲ್ಯಾಟಿನ್ ಪದದ ಆದಿಯಲ್ಲಿ, ನಿಜವಾದ ವೆಲ್ಷ್ ಭಾಷೆಯಲ್ಲಿ ಆದಂತೆಯೇ, ಒಂದು ಸ್ವರ ಬಂದು ಸೇರಿತು. ಹಳ್ಳಿಯ ಕನ್ನಡಿಗನ ಬಾಯಲ್ಲಿ ‘ಸ್ಕೂಲು’ ಎಂಬುದು ‘ಇಸ್ಕೂಲು’ ಆಗುವುದೂ ಇದೇ ಸಹಜ ಪ್ರವೃತ್ತಿಯಿಂದ. ಅದನ್ನು ಅಶುದ್ಧವೆಂದು ನಗುವ ಮೊದಲು, ಸ್ಪ್ಯಾನಿಷರ ‘ಎಸ್ಕ್ವೇಲಾ’ ಎಂಬುದೂ ಹೀಗೆಯೇ ಹುಟ್ಟಿ ಶಿಷ್ಟಪದವಾಯಿತೆಂಬುದನ್ನು ಉಪಾಧ್ಯಾಯರು ನೆನೆಯಬೇಕು.

ಮೂರನೆಯದು, ವ್ಯಾಕರಣ. ಲ್ಯಾಟಿನ್ನಿನ ವಿಭಕ್ತಿ ಪ್ರತ್ಯಯಗಳು ಅದರ ಮಗಳುಭಾಷೆಗಳಲ್ಲಿ ಬಹುಮಟ್ಟಿಗೆ ಅಳಿದುಹೋದುವು. ‘ಇಲ್ಲೆ’ ಎಂಬ ಸರ್ವನಾಮ ಸವೆದು ನಿರ್ದೇಶಕ ಪದವಾಯಿತು. ಬ್ರಿಥೆನಿಗ್ಗಿನ ‘ಇಲ್’ ಅದೇ ಬಗೆಯದು. ಇದರ ಜೊತೆಗೆ ವೆಲ್ಷ್ ಭಾಷೆಯ ವೈಶಿಷ್ಟ್ಯವಾದ ಆದಿವ್ಯಂಜನದ ಪಲ್ಲಟವನ್ನೂ ರಚನಕಾರರು ಅಳವಡಿಸಿದರು. ವೆಲ್ಷ್‌ನಲ್ಲಿ ‘ತಾದ್’ ಎಂದರೆ ತಂದೆ. ‘ಅವನ ತಂದೆ’ ಎನ್ನುವಾಗ ಅದು ‘ದಾದ್’ ಆಗುತ್ತದೆ. ಪದದ ಮೊದಲಕ್ಷರವೇ ಹಿಂದಿನ ಮಾತಿಗನುಸಾರವಾಗಿ ಬದಲಾಗುವುದು ಇಂಗ್ಲಿಷ್ ಬಲ್ಲವರಿಗೆ ವಿಚಿತ್ರವೆನಿಸಬಹುದು. ಆದರೆ ‘ಮಳೆ’ಯೂ ‘ಕಾಲ’ವೂ ಸೇರಿ ‘ಮಳೆಗಾಲ’ವಾಗುವುದನ್ನು, ‘ಬೆಟ್ಟ’ವೂ ‘ತಾವರೆ’ಯೂ ಸೇರಿ ‘ಬೆಟ್ಟದಾವರೆ’ಯಾಗುವುದನ್ನು, ‘ಕಣ್’ ಮತ್ತು ‘ಪನಿ’ ಸೇರಿ ‘ಕಂಬನಿ’ಯಾಗುವುದನ್ನು ಆದೇಶಸಂಧಿಯ ಪಾಠದಲ್ಲಿ ಕಲಿತ ಕನ್ನಡದ ಮಕ್ಕಳಿಗೆ ಇದು ನೆರೆಮನೆಯ ಸಂಗತಿ. ಕ, ತ, ಪಗಳು ಗ, ದ, ಬಗಳಾಗುವುದು ಎರಡು ಕಡೆಗೂ ಸಮಾನ.

ನಾಲ್ಕನೆಯದು, ಪದಕೋಶದ ಪದರುಗಳು. ನಿಜವಾದ ಯಾವ ಭಾಷೆಯೂ ಒಂದೇ ಕಾಲದ ಪದಗಳಿಂದ ಆದುದಲ್ಲ. ಜನರ ನಾಲಗೆಯಲ್ಲಿ ಸವೆದ ಹಳೆಯ ರೂಪದ ಪಕ್ಕದಲ್ಲಿಯೇ ಪಂಡಿತರು ತಂದ ಅಚ್ಚಳಿಯದ ರೂಪವೂ ಇರುತ್ತದೆ. ‘ಹಕ್ಕಿ’ ಮತ್ತು ‘ಪಕ್ಷಿ’, ‘ಹಬ್ಬ’ ಮತ್ತು ‘ಪರ್ವ’, ‘ಅಚ್ಚರಿ’ ಮತ್ತು ‘ಆಶ್ಚರ್ಯ’ ಎಂಬ ಜೋಡಿಗಳು ಕನ್ನಡದಲ್ಲಿ ಒಟ್ಟಿಗೆ ಬಾಳುತ್ತಿವೆ. ಕಲ್ಪಿತ ಭಾಷೆಯಲ್ಲಿಯೂ ಇಂತಹ ಜೋಡಿಗಳಿರಬೇಕು. ನೆರೆಯವರಿಂದ, ವ್ಯಾಪಾರಿಗಳಿಂದ, ಧರ್ಮಪ್ರಚಾರಕರಿಂದ ಬಂದ ಎರವಲುಗಳಿರಬೇಕು. ನಿಯಮಕ್ಕೆ ಒಗ್ಗದ ಅಪವಾದಗಳಿರಬೇಕು. ಒಂದು ಅಪವಾದವೂ ಇಲ್ಲದ ನಿರ್ದುಷ್ಟ ಭಾಷೆಯನ್ನು ಕಂಡರೆ ಅದು ಯಾರೋ ಮೇಜಿನ ಮುಂದೆ ಕುಳಿತು ಮಾಡಿದ್ದೆಂಬುದು ಕೂಡಲೇ ತಿಳಿದುಹೋಗುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಕೆಲ್ಟಿಕ್ ನುಡಿಯೇ ಅಳಿದು ಲ್ಯಾಟಿನ್ನು ನೆಲೆಗೊಂಡ ನಾಡಿನಲ್ಲಿ ವೆಲ್ಷ್ ಭಾಷೆಯ ಧ್ವನಿನಿಯಮಗಳೇ ಯಥಾವತ್ತಾಗಿ ನಡೆಯುತ್ತಿದ್ದುವೆಂದು ಹೇಳುವುದು ಹೇಗೆ? ಜನರು ನುಡಿಯನ್ನು ಬಿಟ್ಟರೂ ನಾಲಗೆಯ ರೂಢಿಯನ್ನು ಬಿಡುವುದಿಲ್ಲ, ಹಳೆಯ ನುಡಿಯ ಉಚ್ಚಾರಣೆಯ ಅಭ್ಯಾಸ ಹೊಸ ನುಡಿಗೂ ಹರಿಯುತ್ತದೆ ಎಂಬುದು ಸಮಾಧಾನ. ಆದರೂ ಇದು ಸಿದ್ಧಾಂತವಲ್ಲ, ಊಹೆ. ಆದ್ದರಿಂದ ಇಂತಹ ಭಾಷೆಯ ಬಗ್ಗೆ ‘ಹೀಗೆ ಆಗಬಹುದಿತ್ತು’ ಎನ್ನಬಹುದೇ ಹೊರತು ‘ಹೀಗೆಯೇ ಆಗುತ್ತಿತ್ತು’ ಎನ್ನುವಂತಿಲ್ಲ. ಈ ವಿನಯ ಶಾಸ್ತ್ರಕ್ಕೆ ಭೂಷಣವೇ ಆಗಿದೆ.

ಶಾಸ್ತ್ರದ ಒರೆಗಲ್ಲು

ಧ್ವನಿನಿಯಮಗಳನ್ನು ಇಷ್ಟೊಂದು ನಂಬಬಹುದೆ ಎಂಬ ಸಂಶಯಕ್ಕೆ ಭಾಷಾಶಾಸ್ತ್ರದ ಚರಿತ್ರೆಯಲ್ಲಿಯೇ ಉತ್ತರವಿದೆ. ೧೮೭೮ರ ಕೊನೆಯಲ್ಲಿ, ಆಗಷ್ಟೇ ೨೧ ವರ್ಷ ತುಂಬಿದ್ದ ಸ್ವಿಟ್ಜರ್ಲೆಂಡಿನ ಫರ್ಡಿನಾಂಡ್ ದ ಸೊಸ್ಯೂರ್, ಇಂಡೋ-ಯುರೋಪಿಯನ್ ಮೂಲಭಾಷೆಯ ಸ್ವರಗಳನ್ನು ಕುರಿತ ಪ್ರಬಂಧದಲ್ಲಿ ಒಂದು ದಿಟ್ಟ ಊಹೆಯನ್ನು ಮಂಡಿಸಿದನು. ಆಗ ತಿಳಿದಿದ್ದ ಯಾವ ಭಾಷೆಯಲ್ಲಿಯೂ ಉಳಿಯದ ಕೆಲವು ಧ್ವನಿಗಳು ಮೂಲಭಾಷೆಯಲ್ಲಿ ಇದ್ದಿರಲೇಬೇಕು, ಇಲ್ಲವಾದರೆ ನಿಯಮಗಳು ಹೊಂದಿಕೆಯಾಗವು ಎಂಬುದು ಅವನ ತರ್ಕ. ಅನಂತರ ತುರ್ಕಿಯ ನೆಲದಲ್ಲಿ ದೊರೆತ ಹಿಟ್ಟೈಟ್ ಭಾಷೆಯ ಮಣ್ಣಿನ ಫಲಕಗಳನ್ನು ಹ್ರೋಜ್ನಿ ಎಂಬ ವಿದ್ವಾಂಸ ೧೯೧೫ರಲ್ಲಿ ಓದಿ ಅರ್ಥೈಸಿದನು. ೧೯೨೭ರಲ್ಲಿ ಪೋಲೆಂಡಿನ ಕುರಿಲೋವಿಚ್, ಸೊಸ್ಯೂರನು ಊಹಿಸಿದ ಕೆಲವು ಸ್ಥಾನಗಳಲ್ಲಿಯೇ ಆ ಭಾಷೆಯಲ್ಲಿ ಹಕಾರದಂತಹ ಧ್ವನಿಯಿರುವುದನ್ನು ತೋರಿಸಿಕೊಟ್ಟನು. ಆ ವೇಳೆಗೆ ಸೊಸ್ಯೂರ್ ತೀರಿಕೊಂಡು ೧೪ ವರ್ಷಗಳಾಗಿದ್ದುವು.

ಭಾಷಾಶಾಸ್ತ್ರಜ್ಞನು ನಿಯಮಗಳನ್ನು ಹಿಡಿದು ಹಿಂದಕ್ಕೆ ನಡೆದು ಕಳೆದುಹೋದ ಮೂಲವನ್ನು ಮುಟ್ಟುತ್ತಾನೆ. ಪರ್ಯಾಯ ಭಾಷೆಯ ರಚನಕಾರನು ಅದೇ ಬಗೆಯ ನಿಯಮಗಳನ್ನು ಹಿಡಿದು ಮುಂದಕ್ಕೆ ನಡೆದು ಹುಟ್ಟದೆ ಹೋದ ಮಗುವಿನ ಮುಖವನ್ನು ಬರೆಯುತ್ತಾನೆ. ಇಬ್ಬರ ವಿದ್ಯೆಯೂ ಒಂದೇ.

ಕನ್ನಡದಲ್ಲಿ ದೊರೆಯುವ ಸಾಮ್ಯ

ಪರ್ಯಾಯ ಭಾಷೆಯ ಇನ್ನೊಂದು ಬಗೆಯೆಂದರೆ, ಇರುವ ಭಾಷೆಯಿಂದ ಒಂದು ಪದರನ್ನು ತೆಗೆದು ನೋಡುವುದು. ೧೦೬೬ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದುದರಿಂದ ಇಂಗ್ಲಿಷಿಗೆ ಫ್ರೆಂಚ್ ಪದಗಳ ಪ್ರವಾಹವೇ ಹರಿಯಿತು. ಅದಿಲ್ಲದಿದ್ದರೆ? ಡಾರ್ಸೆಟ್ ಪ್ರಾಂತದ ಪಾದ್ರಿಯೂ ಕವಿಯೂ ಆಗಿದ್ದ ವಿಲಿಯಂ ಬಾರ್ನ್ಸ್ ೧೮೭೮ರಲ್ಲಿ ಇಂಗ್ಲಿಷಿಗೊಂದು ವ್ಯಾಕರಣವನ್ನು ಬರೆದು, ‘ಗ್ರಾಮರ್’ ಎಂಬ ಎರವಲು ಮಾತನ್ನು ಬಿಟ್ಟು ‘ಸ್ಪೀಚ್‌ಕ್ರಾಫ್ಟ್’ ಎಂದು ಕರೆದನು. ೧೯೮೯ರಲ್ಲಿ ಅಮೆರಿಕದ ಕಾದಂಬರಿಕಾರ ಪೌಲ್ ಆಂಡರ್‌ಸನ್ ಪರಮಾಣು ಸಿದ್ಧಾಂತವನ್ನೇ ಲ್ಯಾಟಿನ್, ಗ್ರೀಕ್, ಫ್ರೆಂಚ್ ಪದಗಳ ನೆರವಿಲ್ಲದ ಇಂಗ್ಲಿಷಿನಲ್ಲಿ ವಿವರಿಸಿ ಒಂದು ಪ್ರಬಂಧ ಬರೆದನು. ಅದರಲ್ಲಿ ಜಲಜನಕ ‘ವಾಟರ್‌ಸ್ಟಫ್’ ಆಗುತ್ತದೆ, ಪರಮಾಣು ‘ಅನ್‌ಕ್ಲೆಫ್ಟ್’ ಅಂದರೆ ‘ಸೀಳಲಾಗದ್ದು’ ಆಗುತ್ತದೆ.

ಕನ್ನಡಕ್ಕೆ ಈ ಸಾಹಸ ಹೊಸದಲ್ಲ. ೧೩ನೆಯ ಶತಮಾನದ ಆಂಡಯ್ಯ ‘ಕಬ್ಬಿಗರ ಕಾವ’ ಕಾವ್ಯವನ್ನು ಸಂಸ್ಕೃತದ ತತ್ಸಮಗಳನ್ನು ಬಿಟ್ಟು, ದೇಶ್ಯ ಮತ್ತು ತದ್ಭವ ಶಬ್ದಗಳಲ್ಲಿಯೇ ರಚಿಸಿದನು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಾರ್ನ್ಸ್ ಹೊರಗಿನಿಂದ ಬಂದುದನ್ನು ಆದಷ್ಟೂ ಹೊರಗೇ ಇರಿಸಲು ಬಯಸಿದನು. ಆಂಡಯ್ಯನಾದರೋ ಕನ್ನಡದ ನಾಲಗೆಯಲ್ಲಿ ಪಳಗಿ ಕನ್ನಡವೇ ಆಗಿಹೋದುದನ್ನು ಒಳಗೆ ಬಿಟ್ಟುಕೊಂಡನು. ಹೊರಗಿನಿಂದ ಬಂದವನೂ ಮನೆಯ ರೀತಿನೀತಿಗಳನ್ನು ಕಲಿತರೆ ಮನೆಯವನೇ ಎಂಬ ಉದಾರದೃಷ್ಟಿ ಇದರಲ್ಲಿದೆ. ಹಾಗೆ ಪಳಗುವ ಬಗೆಯನ್ನು ಅದೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ಸೂತ್ರಬದ್ಧವಾಗಿ ನಿರೂಪಿಸಿದ್ದಾನೆ. ಯೋಗಿ ‘ಜೋಗಿ’ಯಾಗುವುದು, ಯಮ ‘ಜವ’ನಾಗುವುದು, ವನ ‘ಬನ’ವಾಗುವುದು, ದೀಪಿಕೆ ‘ದೀವಿಗೆ’ಯಾಗುವುದು ಇವೆಲ್ಲ ಕನ್ನಡಿಗರ ಬಾಯಿ ಸಂಸ್ಕೃತಕ್ಕೆ ವಿಧಿಸಿದ ನಿಯಮಗಳ ಫಲ. ಸಂಸ್ಕೃತದಿಂದ ಹೊರಟ ಪದ ಕನ್ನಡದ ಧ್ವನಿಗಳಲ್ಲಿ ಹಾದು ಯಾವ ರೂಪ ತಾಳೀತೆಂಬುದನ್ನು ಹೇಳುವ ಈ ಪ್ರಕರಣ, ಪರ್ಯಾಯ ಭಾಷೆಯನ್ನು ರಚಿಸಹೊರಟ ಕನ್ನಡಿಗನಿಗೆ ಸಿದ್ಧಕೈಪಿಡಿಯಂತಿದೆ.

ತರಗತಿಯಲ್ಲಿ ಪ್ರಯೋಗ

ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಇಡಿಯ ಭಾಷೆಯೊಂದನ್ನು ಕಟ್ಟುವ ಕೆಲಸ ಭಾರವಾದೀತು. ಆದರೆ ಇದೇ ತತ್ತ್ವದ ಚಿಕ್ಕ ಅಭ್ಯಾಸಗಳನ್ನು ಒಂದೆರಡು ಅವಧಿಗಳಲ್ಲಿ ಮಾಡಿಸಬಹುದು.

ಮೊದಲ ಅಭ್ಯಾಸ: ಹಳಗನ್ನಡದ ಆದಿ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತು. ಈ ಬದಲಾವಣೆ ನಡೆಯದೆಯೇ ಹೋಗಿದ್ದರೆ ಇಂದಿನ ಕನ್ನಡ ಹೇಗಿರುತ್ತಿತ್ತೆಂದು ಕೇಳಬೇಕು. ಮಕ್ಕಳು ಹಾಲು, ಹುಲಿ, ಹೂ, ಹೆಸರು, ಹತ್ತು ಎಂಬವನ್ನು ಪಾಲು, ಪುಲಿ, ಪೂ, ಪೆಸರು, ಪತ್ತು ಎಂದು ತಿರುಗಿಸುತ್ತಾರೆ. ಆಮೇಲೆ ತಮಿಳಿನಲ್ಲಿ ‘ಪಾಲ್’, ‘ಪುಲಿ’, ‘ಪತ್ತು’ ಎಂದೂ ತೆಲುಗಿನಲ್ಲಿ ‘ಪಾಲು’, ‘ಪುಲಿ’ ಎಂದೂ ಇರುವುದನ್ನು ತೋರಿಸಿದರೆ, ತಾವು ಕಲ್ಪಿಸಿದ ಚರಿತ್ರೆ ನೆರೆಯ ನಾಡುಗಳಲ್ಲಿ ನಿಜವಾಗಿ ನಡೆದಿದೆಯೆಂಬುದು ಅವರಿಗೆ ಹೊಳೆಯುತ್ತದೆ. ದ್ರಾವಿಡ ಭಾಷೆಗಳ ಸೋದರ ಸಂಬಂಧವನ್ನು ಹತ್ತು ಪುಟಗಳ ಉಪನ್ಯಾಸಕ್ಕಿಂತ ಈ ಒಂದು ಅಭ್ಯಾಸ ಚೆನ್ನಾಗಿ ಮನಗಾಣಿಸುತ್ತದೆ. ಅಪ್ಪ, ಉಪ್ಪು, ತುಪ್ಪಗಳಲ್ಲಿ ನಡುವಿನ ಪಕಾರ ಏಕೆ ಬದಲಾಗಲಿಲ್ಲವೆಂದು ಕೇಳಿದರೆ, ನಿಯಮಕ್ಕೆ ಒಂದು ವ್ಯಾಪ್ತಿಯಿದೆಯೆಂಬುದನ್ನು ಅವರೇ ಕಂಡುಕೊಳ್ಳುತ್ತಾರೆ.

ಎರಡನೆಯ ಅಭ್ಯಾಸ: ‘ಪುಸ್ತಕ’ ಎಂಬ ಪದವನ್ನು ಪಂಡಿತರ ಕೈಗೆ ಕೊಡದೆ ಜನರ ಬಾಯಿಗೇ ಬಿಟ್ಟಿದ್ದರೆ ಏನಾಗುತ್ತಿತ್ತು? ಸ್ತಕಾರ ತ್ತಕಾರವಾಗಲಿ, ಸ್ವರಗಳ ನಡುವಿನ ಕಕಾರ ಗಕಾರವಾಗಲಿ, ಕೊನೆಯ ಅಕಾರ ಎಕಾರವಾಗಲಿ, ಮೊದಲ ಉಕಾರ ಒಕಾರವಾಗಲಿ, ‘ಪೊತ್ತಗೆ’ ಎಂದಾಯಿತು. ಇನ್ನು ಆದಿ ಪಕಾರ ಹಕಾರವಾಗಲಿ, ‘ಹೊತ್ತಗೆ’ ಎಂದಾಯಿತು. ಈಗ ನಿಘಂಟನ್ನು ತೆರೆದು ನೋಡುವಂತೆ ಹೇಳಬೇಕು. ತಾವು ಲೆಕ್ಕ ಹಾಕಿ ಪಡೆದ ಪದ ನಿಜವಾಗಿಯೂ ಅಲ್ಲಿರುವುದನ್ನು ಕಂಡಾಗ ಮಕ್ಕಳಿಗಾಗುವ ಆನಂದ, ಗಣಿತದಲ್ಲಿ ತಾಳೆ ನೋಡಿ ಉತ್ತರ ಸರಿಬಂದಾಗಿನ ಆನಂದಕ್ಕೆ ಸಮಾನವಾದುದು. ವ್ಯಾಕರಣವೆಂದರೆ ಬಾಯಿಪಾಠವೆಂಬ ಭಾವನೆ ಹೋಗಿ ಅದೊಂದು ಶೋಧವೆಂಬ ಭಾವನೆ ಬರುತ್ತದೆ.

ಮೂರನೆಯ ಅಭ್ಯಾಸ: ಊರಿನ ಅಂಗಡಿ, ಕಚೇರಿ, ಅಡುಗೆಮನೆಗಳಲ್ಲಿ ಕೇಳಿಬರುವ ೫೦ ಪದಗಳನ್ನು ಪಟ್ಟಿಮಾಡಿ, ಯಾವುದು ಯಾವ ಜನರಿಂದ ಬಂತೆಂದು ವಿಂಗಡಿಸುವುದು, ಆ ಜನ ಬಾರದೆ ಹೋಗಿದ್ದರೆ ಆ ವಸ್ತುವನ್ನು ಏನೆಂದು ಕರೆಯುತ್ತಿದ್ದೆವೆಂದು ಊಹಿಸುವುದು. ಇದರಲ್ಲಿ ಭಾಷೆ, ಚರಿತ್ರೆ ಎರಡೂ ವಿಷಯಗಳ ಉಪಾಧ್ಯಾಯರು ಕೈಗೂಡಿಸಬಹುದು. ಎಲ್ಲ ಪದಗಳೂ ತನ್ನವೇ ಎಂಬ ದುರಭಿಮಾನವಾಗಲಿ, ತನ್ನದೇನೂ ಇಲ್ಲವೆಂಬ ಕೀಳರಿಮೆಯಾಗಲಿ ಇಂತಹ ಅಭ್ಯಾಸದ ಮುಂದೆ ನಿಲ್ಲಲಾರದು.

ವೆಲ್ಷ್ ಭಾಷೆ ಕಲಿಸುವ ಪಾಠ

ಬ್ರಿಥೆನಿಗ್ ಒಂದು ಕಲ್ಪನೆ. ಅದು ಅಳಿದರೂ ಉಳ��ದರೂ ಯಾರ ಮನೆಯ ದೀಪವೂ ಆರುವುದಿಲ್ಲ. ಆದರೆ ಅದಕ್ಕೆ ಮೈಕೊಟ್ಟ ವೆಲ್ಷ್ ಭಾಷೆಯ ಕಥೆ ಹಾಗಲ್ಲ. ೧೫೩೬ರ ಶಾಸನವೊಂದು ವೇಲ್ಸಿನ ನ್ಯಾಯಾಲಯಗಳಲ್ಲಿ ಇಂಗ್ಲಿಷನ್ನೇ ವ್ಯವಹಾರದ ಭಾಷೆಯನ್ನಾಗಿ ಮಾಡಿತು. ೧೫೮೮ರಲ್ಲಿ ವಿಲಿಯಂ ಮಾರ್ಗನ್ ಇಡಿಯ ಬೈಬಲ್ಲನ್ನು ವೆಲ್ಷ್ ಭಾಷೆಗೆ ತಂದುದರಿಂದ ಜನರ ಪೂಜೆ, ಪಾಠಗಳಲ್ಲಿಯಾದರೂ ಅದು ಉಳಿದುಕೊಂಡಿತು. ೧೮೪೭ರಲ್ಲಿ ಸರಕಾರದ ಶಿಕ್ಷಣ ವರದಿ ವೆಲ್ಷ್ ಭಾಷೆಯನ್ನು ಆ ಜನರ ಏಳಿಗೆಗೆ ಅಡ್ಡಿಯೆಂದು ಬಗೆಯಿತು. ೧೯ನೆಯ ಶತಮಾನದ ಹಲವು ಶಾಲೆಗಳಲ್ಲಿ, ಮಾತೃಭಾಷೆಯಲ್ಲಿ ಮಾತನಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ತೂಗುಹಾಕುತ್ತಿದ್ದರು. ಇನ್ನೊಂದು ಮಗು ಅದೇ ತಪ್ಪಿಗೆ ಸಿಕ್ಕಾಗ ಅದು ಆ ಮಗುವಿನ ಕೊರಳಿಗೆ ದಾಟುತ್ತಿತ್ತು. ಸಂಜೆ ಯಾರ ಕೊರಳಲ್ಲಿ ಉಳಿಯುತ್ತಿತ್ತೋ ಅವರಿಗೆ ಶಿಕ್ಷೆ. ತಾಯಿಯ ಮಾತೇ ಅಪರಾಧವೆಂದು, ಗೆಳೆಯನ ಮಾತನ್ನು ಹೊಂಚಿ ಕೇಳಬೇಕೆಂದು ಮಗುವಿಗೆ ಕಲಿಸಿದ ವ್ಯವಸ್ಥೆ ಅದು. ೧೯೦೧ರ ಹೊತ್ತಿಗೆ ಸುಮಾರು ಅರ್ಧದಷ್ಟು ಜನರಾಡುತ್ತಿದ್ದ ನುಡಿ, ೨೦೨೧ರ ಜನಗಣತಿಯ ವೇಳೆಗೆ ಶೇಕಡ ೧೭.೮ರಷ್ಟು ಜನರಲ್ಲಿ, ಎಂದರೆ ಸುಮಾರು ೫ ಲಕ್ಷ ೩೮ ಸಾವಿರ ಜನರಲ್ಲಿ ಮಾತ್ರ ಉಳಿದಿತ್ತು.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ೧೯೩೯ರಲ್ಲಿ ಅಬರಿಸ್ಟ್‌ವಿತ್ ಪಟ್ಟಣದಲ್ಲಿ ಕೇವಲ ೭ ಮಕ್ಕಳೊಂದಿಗೆ ಮೊದಲ ವೆಲ್ಷ್ ಮಾಧ್ಯಮದ ಪ್ರಾಥಮಿಕ ಶಾಲೆ ಖಾಸಗಿ ಪ್ರಯತ್ನದಿಂದ ಆರಂಭವಾಯಿತು. ಆ ೭ ಮಕ್ಕಳ ಹಿಂದೆ ಇಂದು ಸಾವಿರಾರು ಮಕ್ಕಳು ಬಂದಿದ್ದಾರೆ. ೨೦೧೧ರ ಶಾಸನದಿಂದ ವೆಲ್ಷ್ ಭಾಷೆಗೆ ವೇಲ್ಸಿನಲ್ಲಿ ಅಧಿಕೃತ ಸ್ಥಾನ ದೊರೆತಿದೆ. ಒಂದು ಶಾಲೆ ಭಾಷೆಯನ್ನು ಕೊರಳು ಹಿಸುಕಲೂಬಹುದು, ಇನ್ನೊಂದು ಶಾಲೆ ಅದಕ್ಕೆ ಉಸಿರು ಕೊಡಲೂಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಉಪಸಂಹಾರ

‘ಹೀಗಾಗಿದ್ದರೆ?’ ಎಂಬ ಪ್ರಶ್ನೆ ಹಿಂದಿನ ಕಾಲಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಇಂದಿನ ದಿನವೂ ನಾಳಿನವರಿಗೆ ಕವಲೊಡೆಯುವ ಬಿಂದುವೇ. ಇಂದು ತರಗತಿಯಲ್ಲಿ ಯಾವ ಮಾತಿಗೆ ಗೌರವ, ಯಾವ ಮಾತಿಗೆ ನಗೆ. ಮಗು ಮನೆಯಿಂದ ತಂದ ನುಡಿಯನ್ನು ಉಪಾಧ್ಯಾಯರು ತಿದ್ದುವಾಗ ಅದರ ಬೇರನ್ನು ತಿಳಿದು ತಿದ್ದುತ್ತಾರೆಯೋ ಅಥವಾ ಬೇರುಸಹಿತ ಕೀಳುತ್ತಾರೆಯೋ. ಗ್ರಂಥಾಲಯದಲ್ಲಿ ಯಾವ ಹೊತ್ತಗೆಗೆ ಸ್ಥಳ: ಇಂತಹ ಸಣ್ಣಪುಟ್ಟ ತೀರ್ಮಾನಗಳೇ ಕೂಡಿ ನೂರು ವರ್ಷಗಳ ಅನಂತರದ ಕನ್ನಡವನ್ನು ನಿರ್ಧರಿಸುತ್ತವೆ. ಶರಣರು ಜನರ ನುಡಿಯನ್ನು ಆರಿಸಿಕೊಳ್ಳದೆ ಹೋಗಿದ್ದರೆ ಕನ್ನಡ ಇಂದು ಹೇಗಿರುತ್ತಿತ್ತೆಂದು ಊಹಿಸಿದವರಿಗೆ ಈ ತೀರ್ಮಾನಗಳ ತೂಕ ತಿಳಿಯದಿರದು.

ಅನ್ನದಾಸೋಹದೊಡನೆ ಜ್ಞಾನದಾಸೋಹವನ್ನೂ ನಡೆಸಿಕೊಂಡು ಬಂದಿರುವ ಮಠಗಳ ವಿದ್ಯಾಸಂಸ್ಥೆಗಳಿಗೆ ಈ ಹೊಣೆ ಹೊಸದಲ್ಲ. ಕಟ್ಟಡಕ್ಕೆ ಕಲ್ಲು ಕೊಟ್ಟ ದಾನಿಗಳ, ಅಕ್ಷರ ಕೊಟ್ಟ ಗುರುಗಳ, ಆ ಅಕ್ಷರವನ್ನು ಹೊತ್ತು ಊರೂರಿಗೆ ಹೋದ ಹಳೆಯ ವಿದ್ಯಾರ್ಥಿಗಳ ಶ್ರಮ ಸಾರ್ಥಕವಾಗುವುದು ನುಡಿ ಮುಂದಿನ ತಲೆಮಾರಿಗೆ ಜೀವಂತವಾಗಿ ದಾಟಿದಾಗ. ನಡೆಯದ ಚರಿತ್ರೆಯ ನುಡಿಗಳನ್ನು ಅಭ್ಯಸಿಸುವುದರ ಫಲ, ನಡೆಯುತ್ತಿರುವ ಚರಿತ್ರೆಯಲ್ಲಿ ತಮ್ಮ ಪಾತ್ರವೇನೆಂಬುದನ್ನು ಅರಿಯುವುದೇ ಆಗಿದೆ.